ಕುಂಟನ ಕೈ

ಮಲ್ಪೆ ಬಂದರಿನ ಐಸ್ ಪ್ಲಾಂಟಿನ ಹಿಂದೆ ನಮ್ಮ ಅಂಗಡಿ.
ಅಂಗಡಿ ಎಂದರೆ ಒಂದು ಬಾಗಿಲು, ಒಂದು ಬೆಂಚು,
ಉಪ್ಪುಗಾಳಿ ತಿಂದ ವಯರ್‌ಲೆಸ್ ಸೆಟ್ಟುಗಳ ರಾಶಿ.
ಬೋಟಿನವರು ತಂದು ಹಾಕುತ್ತಾರೆ,
ಸುಬೇದಾರ್ ದೂಮಪ್ಪ ತಿಂಗಳಾಯರು ಮುಚ್ಚಳ ಬಿಚ್ಚಿ
ಮೊದಲು ಮೂಸುತ್ತಾರೆ.
ಸುಟ್ಟದ್ದೋ, ತುಕ್ಕೋ, ಮೀನೆಣ್ಣೆಯೋ, ಮೂಗಿಗೇ ಗೊತ್ತು.

ನಾನು ಅವರ ಹೆಂಡತಿ. ಏಳನೇ ಕ್ಲಾಸು.
ಬಂಗುಡೆ ಎಣಿಸಿ ಎಣಿಸಿ ಬೆರಳು ಸವೆದವಳು.

ಇವರ ಟೊಪ್ಪಿಯ ಬಿಲ್ಲೆಯಲ್ಲಿ ಒಬ್ಬ ಹುಡುಗ,
ಕಾಲಿಗೆ ರೆಕ್ಕೆ ಕಟ್ಟಿಕೊಂಡು ಒಂಟಿ ಕಾಲಲ್ಲಿ ನಿಂತವ.
ಬ್ರಿಟನ್ನಿನ ಸಿಗ್ನಲ್‌ನವರಿಗೂ ಅವನೇ, ಕೆನಡಾದವರಿಗೂ ಅವನೇ ಅಂತೆ,
ದೇಶ ದೇಶಕ್ಕೆ ಸುದ್ದಿ ಹೊತ್ತು ಅಂಗಿ ಹಾಕಲು ಪುರುಸೊತ್ತಾಗಲಿಲ್ಲ.
ಅತ್ತೆ ಕಣ್ಣು ಕಿರಿದು ಮಾಡಿ ಕೇಳಿದ್ದರು:
"ಇವ ನಮ್ಮ ಮೊಗವೀರರವನೇ? ಮತ್ತೆ ಬಲೆ ಎಲ್ಲಿ?"

ಎಪ್ಪತ್ತೊಂದರ ಚಳಿ, ಗಡಿಯ ಒಂದು ಬಂಕರ್.
ಇವರ ಕೆಲಸ ಹೊಡೆಯುವುದಲ್ಲ, ಕೇಳುವುದು.
ಆಚೆಯವರು ಬಡಿಯುವ ಅಂಕೆ, ಐದೈದರ ಗುಂಪು,
ಬರೆ, ಮೇಲಕ್ಕೆ ಕಳಿಸು, ಮರೆ.
ಆದರೆ ಬಡಿಯುವ ಕೈಗೆ ಒಂದು ನಡಿಗೆ ಇರುತ್ತದಂತೆ,
ಕತ್ತಲಲ್ಲಿ ಜಗಲಿ ಹತ್ತಿದವರು ಯಾರೆಂದು
ಒಳಗಿನವರಿಗೆ ತಿಳಿಯುವ ಹಾಗೆ.
ಆಚೆ ಒಬ್ಬನಿದ್ದ. ಕೊನೆಯ ಉದ್ದವನ್ನು ಎಳೆಯುತ್ತಿದ್ದ,
ಒಂದು ಕಾಲು ಮರಳಲ್ಲಿ ಹೂತವನಂತೆ.
ಇವರು ಕುಂಟ ಎಂದು ಹೆಸರಿಟ್ಟರು.
ಹದಿಮೂರು ರಾತ್ರಿ ಕುಂಟ ಬಂದ.
ಹದಿನಾಲ್ಕನೆಯ ರಾತ್ರಿ ಎಲ್ಲರೂ ಜಿಲೇಬಿ ಹಂಚುತ್ತಿದ್ದರು,
ಇವರು ಹೆಡ್‌ಫೋನ್ ತೆಗೆಯಲಿಲ್ಲ.
ಬ್ಯಾಟರಿ ಹಾಳುಮಾಡಿದ್ದಕ್ಕೆ ಬೈಸಿಕೊಂಡರಂತೆ.

ಇಪ್ಪತ್ತೆರಡು ವರ್ಷ ಕಳೆದು ಸೊಮಾಲಿಯಾ.
ರಾತ್ರಿ ಪಾಳಿಯಲ್ಲಿ ಸುಮ್ಮನೆ ಡಯಲ್ ತಿರುಗಿಸುವಾಗ
ಪಕ್ಕದ ಕ್ಯಾಂಪಿನಿಂದ ಅದೇ ಎಳೆತ.
ಮುನ್ನೂರು ಗಜ. ನಡುವೆ ಒಂದು ತಂತಿಬೇಲಿ.
ಇಬ್ಬರ ಟೊಪ್ಪಿಯೂ ಈಗ ಒಂದೇ ನೀಲಿ.
"ಮಾತಾಡಿದಿರಾ?"
"ಇಲ್ಲ. ಅದು ನಮ್ಮ ಫ್ರೀಕ್ವೆನ್ಸಿ ಅಲ್ಲ."
ನಾನು ಬೂತಾಯಿಯ ತಲೆ ಕೊಯ್ಯುತ್ತಿದ್ದೆ, ಕತ್ತಿ ನಿಂತಿತು.
ಒಂದು ಬೀಡಿ ಮುಗಿಯದ ದೂರ, ಮಾರಾಯ್ರೆ!
ನಾಳೆ ಹೋಗುವ ಎಂದುಕೊಂಡಿದ್ದರಂತೆ.
ನಾಳೆ ಬೆಳಿಗ್ಗೆ ಅವರ ಲಾರಿಗಳು ಹೊರಟಾಗಿತ್ತು.

ಮೊಗಾದಿಶುವಿನ ಫೋಟೊ ಗೋಡೆಯಲ್ಲಿ ಉಂಟು.
ಮಲೇಷ್ಯಾದವ, ಇಟಲಿಯವ, ಬೋಟ್ಸ್ವಾನಾದ ಇಬ್ಬರು,
ಎಲ್ಲರ ಕಿವಿಯ ಸುತ್ತಲೂ ಹೆಡ್‌ಫೋನಿನ ಗುರುತು.
ಕುಂಟ ಇಲ್ಲ. ನಾನು ಹುಡುಕಿದ್ದೇನೆ.

ಈಗ ಯಾರು ಬಡಿಯುತ್ತಾರೆ?
ತಂಡೇಲ ಶೀನ ಮೆಂಡನ್ ಆಳಸಮುದ್ರದಿಂದ ಬೊಬ್ಬೆ ಹಾಕುತ್ತಾನೆ,
"ಅಣ್ಣಾ, ಅಂಜಲ್ ಬಿದ್ದಿದೆ, ಇವತ್ತು ರೇಟೆಷ್ಟು?"
ಕಾರವಾರದವರೆಗೆ ಕೇಳುತ್ತದೆ.
ಇವರಿಗೆ ಸಿಟ್ಟು: "ಗುಟ್ಟು ಎಂಬುದು ಬೇಡವಾ?"
ಇಪ್ಪತ್ತೆಂಟು ವರ್ಷ ಗುಟ್ಟು ಹೊತ್ತರು,
ಅದರಲ್ಲಿ ಒಂದಾದರೂ ಏನೆಂದು ಇವರಿಗೆ ಗೊತ್ತಿಲ್ಲ.

ರಾತ್ರಿ ನಿದ್ದೆಯಲ್ಲಿ ನನ್ನ ಭುಜದ ಮೇಲೆ ಬೆರಳು ಆಡುತ್ತದೆ.
ಕಪಾಟಿನ ಬಾಗಿಲಿನ ಒಳಗೆ ಹಳದಿ ಕಾರ್ಡು ಅಂಟಿಸಿದ್ದರಲ್ಲ,
ಸೀರೆ ತೆಗೆಯುವಾಗಲೆಲ್ಲ ಒಂದೊಂದಾಗಿ ಕಲಿತೆ.
ಹೇಳಿಲ್ಲ.
ನನ್ನ ಹೆಸರು ಬಂದೀತೆಂದು ಒಂದು ವರ್ಷ ಕಾದೆ.
ಬರೀ ಅಂಕೆ.
ಮೀನಿನ ಲೆಕ್ಕದ ಪುಸ್ತಕದ ಕೊನೆಯಲ್ಲಿ ಬರೆದಿಟ್ಟಿದ್ದೇನೆ,
ಐದೈದರಂತೆ, ಹನ್ನೊಂದು ಪುಟ.
ಅರ್ಥ ಇದ್ದ ಹಾಳೆಯನ್ನು ಯಾರೋ
ಯಾವತ್ತೋ ಬೆಳಿಗ್ಗೆ ಸುಟ್ಟಿರಬೇಕು.

ಕೆಲವು ರಾತ್ರಿ ಬೆರಳು ನಡಿಗೆ ಬದಲಿಸುತ್ತದೆ.
ಕೊನೆಯ ಉದ್ದ ಎಳೆಯುತ್ತದೆ, ಮರಳಲ್ಲಿ ಹೂತ ಹಾಗೆ.
ಇವರ ಕೈಯಲ್ಲಿ ಅವನ ಕೈ.
ಆಗ ಮುಂಗೈಯ ಮೇಲೆ ಮೆಲ್ಲಗೆ ಒತ್ತುತ್ತೇನೆ:
ಗಿಡ್ಡ, ಉದ್ದ, ಗಿಡ್ಡ.
ಬಂದು ಮುಟ್ಟಿತು ಎಂದು. ತಿಳಿಯಿತು ಎಂದಲ್ಲ.
ಬೆರಳು ಸ್ವಲ್ಪ ಹೊತ್ತು ಕಾಯುತ್ತದೆ, ಮತ್ತೆ ನಿಲ್ಲುತ್ತದೆ.

ನಾಲ್ಕು ಗಂಟೆಗೆ ಬಂದರಿನಲ್ಲಿ ಏಲಂ.
ಬುಟ್ಟಿ ನಿನ್ನೆಯೇ ತೊಳೆದಿಟ್ಟಿದ್ದೇನೆ.